ಅರಮನೆ ಯಾರದಾದರೂ ಬಯಲು ಬಯಲಾಗಿರಲಿ

ಬೆಂಗಳೂರು ಅರಮನೆ ಮೈದಾನದ ವ್ಯಾಜ್ಯದಲ್ಲಿ ನಂದಗಡದವರು ಬಾಯಿ ಹಾಕಲು ಒಂದು ಹಕ್ಕಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಕಂಪನಿ ಸರ್ಕಾರ ದತ್ತಕವನ್ನು ಒಪ್ಪದೆ ಸಂಸ್ಥಾನಕ್ಕೇ ಕೈಹಾಕಿತು. ಆ ಜಗಳ ರಾಣಿ ಚೆನ್ನಮ್ಮನ ಸೆರೆವಾಸದೊಂದಿಗೂ ನಿಲ್ಲದೆ, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಮ್ಮೂರಲ್ಲಿ ಗಲ್ಲಿಗೇರಿಸುವವರೆಗೂ ನಡೆಯಿತು. ಸ್ವತ್ತು ಯಾರದೆಂದು ತೀರ್ಮಾನಿಸುವವನೂ ಅದನ್ನು ವಶಪಡಿಸಿಕೊಳ್ಳುವವನೂ ಒಬ್ಬನೇ ಆದರೆ ಏನಾಗುತ್ತದೆಂದು ಈ ಸೀಮೆ ಕಂಡಿದೆ. ಇಂದಿನದು ಜನ ಆರಿಸಿದ ಸರ್ಕಾರ, ಕಂಪನಿಯಲ್ಲ, ನಿಜ. ಆದರೆ ಆರಿಸಿ ಬಂದವರಿಗೂ ನ್ಯಾಯವಾದ ಬೆಲೆ ಕೊಡುವ ಹೊಣೆ ತಪ್ಪುವುದಿಲ್ಲ.

ಬೆಂಗಳೂರು ಅರಮನೆ ಮೂಲತಃ ಮೈಸೂರು ರಾಜರದ್ದಲ್ಲ. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲ್ ಗ್ಯಾರೆಟ್ ಅವರಿಂದ 1873ರಲ್ಲಿ, ಇನ್ನೂ ಬಾಲಕನಾಗಿದ್ದ ಚಾಮರಾಜೇಂದ್ರ ಒಡೆಯರ ಖಾಸಗಿ ಹಣದಲ್ಲಿ, ಪಾಲಕರಾಗಿದ್ದ ಬ್ರಿಟಿಷರು ಕೊಂಡದ್ದು. ಲಾಲ್‌ಬಾಗಿನ ಜಾನ್ ಕ್ಯಾಮರಾನ್ ಸುತ್ತಣ ಉದ್ಯಾನ ರೂಪಿಸಿದರು. ಸಂಸ್ಥಾನ ವಿಲೀನವಾದ ಮೇಲೆ, 1950ರಲ್ಲಿ, ಇದು ಮಹಾರಾಜರ ಖಾಸಗಿ ಆಸ್ತಿಯೆಂದು ಭಾರತ ಸರ್ಕಾರವೇ ಒಪ್ಪಿತು. ಇಷ್ಟಾದ ಮೇಲೆ 1996ರಲ್ಲಿ ರಾಜ್ಯ ಸರ್ಕಾರ ಇದನ್ನು ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ ಮಾಡಿ, 472 ಎಕರೆಗೆ ಒಟ್ಟು 11 ಕೋಟಿ ರೂಪಾಯಿ ಪರಿಹಾರ ನಿಗದಿಪಡಿಸಿತು. ಹೈಕೋರ್ಟ್ 1997ರಲ್ಲಿ ಕಾಯ್ದೆಯನ್ನು ಎತ್ತಿಹಿಡಿದರೂ, ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಕಾಲು ಶತಮಾನ ಮೀರಿ ಇತ್ಯರ್ಥವಾಗದೆ ಉಳಿಯಿತು. ಅಷ್ಟರೊಳಗೆ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು 15 ಎಕರೆ ಬೇಕೆಂದಾಗ, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮುದ್ರಾಂಕ ಶುಲ್ಕದ ಮಾರ್ಗಸೂಚಿ ದರದಲ್ಲೇ ಟಿಡಿಆರ್ (ಅಭಿವೃದ್ಧಿ ಹಕ್ಕು ವರ್ಗಾವಣೆ) ಕೊಡಿ ಎಂದಿತು. ಅದರ ಮೊತ್ತ ಸುಮಾರು 3,000 ಕೋಟಿ ರೂಪಾಯಿ. ಇಡೀ ಮೈದಾನಕ್ಕೆ 11 ಕೋಟಿ ಸಾಕೆಂದ ಸರ್ಕಾರ, ಈ ಲೆಕ್ಕ ಕಂಡು ಬೆಚ್ಚಿಬಿದ್ದು, ಇದರಿಂದ ಪಾರಾಗಲು 2025ರಲ್ಲಿ ಸುಗ್ರೀವಾಜ್ಞೆಗೆ ಓಡಿತು.

ರಾಜರ ಖಾಸಗಿ ಹಣವೂ ಪ್ರಜೆಗಳ ಕಂದಾಯದಿಂದಲೇ ಬಂದದ್ದು, ಮತ್ತೇಕೆ ದುಡ್ಡು ಕೊಡಬೇಕು ಎನ್ನುವ ಮಾತಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹಾಗೆಂದು ಸಾಬೀತಾದರೆ ಪರಿಹಾರದಲ್ಲಿ ಕಡಿತವಾಗಲಿ. ಆದರೆ ಆ ತೀರ್ಮಾನ ನ್ಯಾಯಾಲಯದ್ದಾಗಬೇಕು, ಕೊಳ್ಳುವವನದ್ದಲ್ಲ. ಇನ್ನೊಂದು ಆಕ್ಷೇಪ ನಮ್ಮ ಕಡೆಯದು: ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಸೇತುವೆ ಇಲ್ಲದಿರುವಾಗ ಬೆಂಗಳೂರಿನ 15 ಎಕರೆಗೆ ಇಷ್ಟೊಂದೇ? ಇದಕ್ಕೆ ನನ್ನ ಉತ್ತರ, ಆ 15 ಎಕರೆಯೇ ಬೇಡ. ಟಿಡಿಆರ್ ಎಂದರೆ ನಗದಲ್ಲ, ನಗರದ ಬೇರೆಡೆ ಹೆಚ್ಚು ಮಹಡಿ ಎಬ್ಬಿಸುವ ಹಕ್ಕು. ಒಂದು ಕಡೆ ಮರಗಳಿರುವ ಅಂಚನ್ನು ಕಡಿದು, ಅದಕ್ಕೆ ಪ್ರತಿಯಾಗಿ ಇನ್ನೊಂದು ಕಡೆ ಕಟ್ಟಡ ಬೆಳೆಸುವ ಈ ವ್ಯಾಪಾರದಲ್ಲಿ ಊರಿಗೆ ಎರಡೂ ಕಡೆ ನಷ್ಟ.

ಮದುವೆ, ವಸ್ತುಪ್ರದರ್ಶನ, ಸಂಗೀತ ಕಾರ್ಯಕ್ರಮಗಳಿಗೆ ಬಾಡಿಗೆ ಕೊಡುತ್ತಿರುವ ಈ ಜಾಗವನ್ನು ಖಾಸಗಿಯವರು ಉದ್ಯಾನವಾಗಿ ಕಾಪಾಡಿದ್ದಾರೆಂದು ಹೊಗಳಲಾರೆ. ಸರ್ಕಾರವೂ ಆ 15 ಎಕರೆ ಕೇಳಿದ್ದು ರಸ್ತೆಗೇ ಹೊರತು ಉದ್ಯಾನಕ್ಕಲ್ಲ. ಮೊದಲು ಆಗಬೇಕಾದದ್ದು ರಸ್ತೆ ಯೋಜನೆ ಕೈಬಿಡುವುದು, 1996ರ ಕಾಯ್ದೆಯ ಅಂತಿಮ ವಿಚಾರಣೆ ಬೇಗ ಮುಗಿಸುವುದು. ಕಟ್ಟಡ ಯಾರ ಹೆಸರಿಗೆ ಬಂದರೂ, ಬಯಲಲ್ಲಿ ಶಾಶ್ವತ ನಿರ್ಮಾಣ ಕೂಡದೆಂಬ ಷರತ್ತು ಎರಡೂ ಕಡೆಯವರಿಗೆ ಅನ್ವಯಿಸಬೇಕು, ಸರ್ಕಾರಕ್ಕೂ.