ಗೃಹಾರೋಗ್ಯ: ಕಣ್ಣಿಗೆ ಮದ್ದು ಬರೆಯತಕ್ಕವರು ಯಾರು?

ಕಣ್ಣು ಕೆಂಪಾದೊಡನೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, “ಅಂಗಡಿಯಿಂದ ಒಂದು ಡ್ರಾಪ್ಸು ತಂದು ಹಾಕಿ” ಎಂಬುದು. ಆ ಅಂಗಡಿ ಔಷಧದ ಅಂಗಡಿಯಾಗಿರಬಹುದು, ಕನ್ನಡಕದ ಅಂಗಡಿಯೂ ಆಗಿರಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಪೇಟೆಬೀದಿಗಳಲ್ಲಿ ಇವೆರಡಕ್ಕೂ ಕೊರತೆಯಿಲ್ಲ. ಕಣ್ಣಿನ ಡಾಕ್ಟರನ್ನು ಕಾಣಬೇಕಾದರೆ ಹಳ್ಳಿಯವನು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನು ಹೊತ್ತು, ಸಾಲಿನಲ್ಲಿ ಕಾದು ನಿಲ್ಲಬೇಕು. ಆದುದರಿಂದ, “ಕಣ್ಣನ್ನು ಪರೀಕ್ಷಿಸಿ ಕನ್ನಡಕ ಕೊಡುವವರು ಮದ್ದನ್ನೂ ಬರೆದುಕೊಟ್ಟರೆ ಆಗದೆ?” ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುವುದು. ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಉತ್ತರದಲ್ಲಿ ಮನೆಮಂದಿಯ ದೃಷ್ಟಿಯ ಅಳಿವು ಉಳಿವು ಅಡಗಿದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಯಾರು ಯಾರೆಂಬುದನ್ನು ತಿಳಿಯಬೇಕು. ಕಣ್ಣಿನ ವಿಷಯದಲ್ಲಿ ನಮಗೆ ಎದುರಾಗುವ ಎಲ್ಲರನ್ನೂ ನಾವು ‘ಕಣ್ಣಿನ ಡಾಕ್ಟರು’ ಎಂದೇ ಕರೆದುಬಿಡುತ್ತೇವೆ. ಇದು ಸರಿಯಲ್ಲ. ಚೀಟಿಯನ್ನು ನೋಡಿ ಗಾಜನ್ನು ಕೊಯ್ದು ಚೌಕಟ್ಟಿಗೆ ಕೂಡಿಸಿ ಕೊಡುವವನು ಕನ್ನಡಕದ ವ್ಯಾಪಾರಿ. ದೃಷ್ಟಿಯ ಕುಂದನ್ನು ಅಳೆದು ಯಾವ ಗಾಜು ಬೇಕೆಂದು ನಿರ್ಣಯಿಸುವವರು ಆಪ್ಟೊಮೆಟ್ರಿಸ್ಟರು; ಇವರನ್ನು ನಾವು ದೃಷ್ಟಿಪರೀಕ್ಷಕರೆಂದು ಕರೆಯೋಣ. ಇವರು ಕಾಲೇಜಿನಲ್ಲಿ ಕೆಲವು ವರ್ಷ ಓದಿ, ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿ ಪದವಿ ಪಡೆದವರು. ರೋಗದ ಲಕ್ಷಣವನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸುವುದೂ ಇವರ ಕರ್ತವ್ಯವೇ. ಸರಕಾರದ ಆರೋಗ್ಯಕೇಂದ್ರಗಳಲ್ಲಿರುವ ನೇತ್ರ ಸಹಾಯಕರು ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿವಾರಣಾ ಕಾರ್ಯಕ್ರಮದಿಂದ ಬೆಳೆದು ಬಂದವರು. ಕಡೆಯವರು ನೇತ್ರವೈದ್ಯರು: ಐದೂವರೆ ವರ್ಷ ವೈದ್ಯಶಾಸ್ತ್ರವನ್ನು ಓದಿ, ಅದರ ಮೇಲೆ ಮತ್ತೆ ಕೆಲವು ವರ್ಷ ಕಣ್ಣಿನ ರೋಗ ಮತ್ತು ಶಸ್ತ್ರಚಿಕಿತ್ಸೆಗಳನ್ನು ಕಲಿತವರು. ಎಲ್ಲರೂ ನಮಗೆ ಬೇಕಾದವರೇ. ಆದರೆ ಒಬ್ಬರ ಕೆಲಸ ಇನ್ನೊಬ್ಬರದಲ್ಲ.

ಇನ್ನು ಕಾಯಿದೆಯ ಮಾತು. ನಮ್ಮ ದೇಶದಲ್ಲಿ ಔಷಧಗಳ ಮಾರಾಟವು ೧೯೪೦ರ ಕಾಯಿದೆಗೂ ಅದರ ಕೆಳಗೆ ೧೯೪೫ರಲ್ಲಿ ರಚಿತವಾದ ನಿಯಮಗಳಿಗೂ ಒಳಪಟ್ಟಿದೆ. ಆ ನಿಯಮಗಳಲ್ಲಿ ‘ಶೆಡ್ಯೂಲು ಎಚ್’ ಎಂಬ ಒಂದು ಪಟ್ಟಿಯುಂಟು. ಆ ಪಟ್ಟಿಯ ಔಷಧಗಳನ್ನು ರಿಜಿಸ್ಟರಾದ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರಕೂಡದು. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮೊದಲಾದ ಸ್ಟಿರಾಯ್ಡ್ ಹನಿಗಳು ಈ ಬಗೆಯವು. ಪೆಟ್ಟಿಗೆಯ ಮೇಲೆ ‘ಆರ್‌ಎಕ್ಸ್’ ಎಂಬ ಗುರುತೂ ಎಚ್ಚರಿಕೆಯ ಮಾತೂ ಅಚ್ಚಾಗಿರುತ್ತವೆ, ಓದುವವರು ವಿರಳ. ದೃಷ್ಟಿಪರೀಕ್ಷಕರು ಎಷ್ಟೇ ನಿಪುಣರಾಗಿದ್ದರೂ ಈ ನಿಯಮಗಳ ಅರ್ಥದಲ್ಲಿ ರಿಜಿಸ್ಟರಾದ ವೈದ್ಯರಲ್ಲ. ೨೦೨೧ರಲ್ಲಿ ಕೇಂದ್ರ ಸರಕಾರವು ವೈದ್ಯರಿಗೆ ಸಹಾಯಕವಾದ ಆರೋಗ್ಯವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿತು. ದೃಷ್ಟಿಪರೀಕ್ಷಕರೂ ನೇತ್ರ ಸಹಾಯಕರೂ ಅದರ ಪಟ್ಟಿಯಲ್ಲಿ ಸೇರಿದ್ದಾರೆ. ಓದಿನ ಮಟ್ಟವನ್ನು ಗೊತ್ತುಮಾಡುವುದು, ರಾಜ್ಯ ರಾಜ್ಯಗಳಲ್ಲಿ ಪರಿಷತ್ತುಗಳನ್ನು ಏರ್ಪಡಿಸುವುದು, ಅರ್ಹರ ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆಯುವುದು ಇದರ ಉದ್ದೇಶ. ಇದು ಬಹಳ ಕಾಲದಿಂದ ಬೇಕಾಗಿದ್ದ ಏರ್ಪಾಡು. ಆದರೆ ರೋಗ ವಾಸಿಮಾಡುವ ಮದ್ದನ್ನು ಸ್ವತಂತ್ರವಾಗಿ ಬರೆಯುವ ಅಧಿಕಾರವನ್ನು ಆ ಕಾಯಿದೆಯು ತಾನಾಗಿ ಯಾರಿಗೂ ಹಂಚಿಲ್ಲ.

“ಎರಡು ಹನಿ ಮದ್ದಿಗೆ ಇಷ್ಟೆಲ್ಲ ಕಟ್ಟುಪಾಡು ಏಕೆ?” ಎಂದು ಕೆಲವರು ಕೇಳಬಹುದು. ಕಾರಣವಿದೆ. ಸ್ಟಿರಾಯ್ಡ್ ಹನಿಯ ಗುಣವೇ ಅದರ ಅಪಾಯ. ಕೆಂಪಾದ ಕಣ್ಣಿಗೆ ಅದನ್ನು ಹಾಕಿದರೆ ಒಂದೆರಡು ದಿನದಲ್ಲಿ ಕೆಂಪು ಇಳಿಯುವುದು, ಉರಿ ತಗ್ಗುವುದು, ರೋಗಿ ಸಂತೋಷಪಡುವನು. ಕೆಂಪಿಗೆ ಕಾರಣ ಬೂಷ್ಟಿನ ಸೋಂಕಾಗಿದ್ದರೆ, ಅಥವಾ ಹರ್ಪಿಸ್ ಎಂಬ ವಿಷಾಣುವಿನದಾಗಿದ್ದರೆ, ಹೊರಗೆ ಶಾಂತವಾಗಿ ಕಂಡ ಕಣ್ಣಿನೊಳಗೆ ಹುಣ್ಣು ಬೆಳೆಯುತ್ತ ಹೋಗುವುದು. ಮನೆಯವರಿಗೆ ತಿಳಿಯುವ ಹೊತ್ತಿಗೆ ಕರಿಯಾಲಿಯ ಮೇಲೆ ಬಿಳಿಯ ಕಲೆ ನಿಂತುಬಿಟ್ಟಿರುವುದು. ಇಷ್ಟೇ ಅಲ್ಲ. ಸ್ಟಿರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒಳ ಒತ್ತಡ ಏರುವುದು; ನೂರರಲ್ಲಿ ನಾಲ್ಕೈದು ಮಂದಿಗೆ ಅದು ತೀವ್ರವಾಗಿ ಏರುವುದು. ಈ ಒತ್ತಡ ನೋಯದೆ, ಹೇಳದೆ ದೃಷ್ಟಿನರವನ್ನು ತಿನ್ನುವುದು. ಹೀಗೆ ಗ್ಲಾಕೋಮಾದಿಂದ ಹೋದ ದೃಷ್ಟಿ ಯಾವ ಚಿಕಿತ್ಸೆಯಿಂದಲೂ ಹಿಂದಕ್ಕೆ ಬಾರದು. ಬೇಸಗೆ ಬಂದಾಗಲೆಲ್ಲ ಕಣ್ಣು ತುರಿಸಿಕೊಳ್ಳುವ ಅಲರ್ಜಿಯ ಮಕ್ಕಳಿಗೆ ಹಳೆಯ ಚೀಟಿಯನ್ನೇ ತೋರಿಸಿ ಅದೇ ಸೀಸೆಯನ್ನು ವರ್ಷ ವರ್ಷ ತಂದು ಹಾಕುವ ತಂದೆತಾಯಿಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅವರು ಪ್ರೀತಿಯಿಂದಲೇ ಮಾಡುತ್ತಾರೆ. ಪ್ರೀತಿಯಿಂದ ಹಾಕಿದ ಹನಿಯೂ ಮಗುವಿಗೆ ಪೊರೆಯನ್ನೋ ಗ್ಲಾಕೋಮಾವನ್ನೋ ತರಬಲ್ಲದು.

ಆದುದರಿಂದ ಮದ್ದು ಬರೆಯುವುದೆಂದರೆ ಮದ್ದಿನ ಹೆಸರನ್ನು ಬಲ್ಲುದಷ್ಟೇ ಅಲ್ಲ. ಹಾಕಬಾರದ ಕಣ್ಣು ಯಾವುದೆಂದು ಕಂಡುಹಿಡಿಯಬೇಕು. ಹಾಕಿದ ಮೇಲೆ ಒತ್ತಡವನ್ನು ಅಳೆಯಬೇಕು. ಕೆಟ್ಟಾಗ ಕೂಡಲೆ ನಿಲ್ಲಿಸಿ ದೊಡ್ಡವರ ಬಳಿಗೆ ಕಳುಹಿಸಬೇಕು. ಈ ಮೂರರಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದವರಿಗೆ ಕೊಡುವ ಸರ್ಟಿಫಿಕೇಟೇ ನಿಜವಾದ ಸರ್ಟಿಫಿಕೇಟು.

ಹೊರದೇಶಗಳಲ್ಲಿ ಈ ಅಧಿಕಾರವನ್ನು ದೃಷ್ಟಿಪರೀಕ್ಷಕರಿಗೆ ಕೊಟ್ಟಿರುವುದುಂಟು. ಒಂದೇ ದಿನದಲ್ಲಿ ಕೊಟ್ಟುದಲ್ಲ. ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೧ರಲ್ಲಿ ರೋಡ್ ಐಲೆಂಡ್ ಸಂಸ್ಥಾನವು ಪರೀಕ್ಷೆಗಾಗಿ ಬಳಸುವ ಹನಿಗಳಿಗೆ ಮಾತ್ರ ಅನುಮತಿ ಕೊಟ್ಟಿತು. ಚಿಕಿತ್ಸೆಯ ಮದ್ದಿಗೆ ೧೯೭೬ರಲ್ಲಿ ವೆಸ್ಟ್ ವರ್ಜೀನಿಯಾ ಮೊದಲಾಗಿ ಒಪ್ಪಿತು. ಉಳಿದ ಸಂಸ್ಥಾನಗಳೆಲ್ಲ ಒಂದೊಂದಾಗಿ ಒಪ್ಪಿ ಮುಗಿಯಲು ಮತ್ತೆ ಇಪ್ಪತ್ತು ವರ್ಷಗಳಿಗೂ ಮಿಕ್ಕು ಹಿಡಿಯಿತು. ಹಿಂದೆ ಪದವಿ ಪಡೆದಿದ್ದವರು ಮತ್ತೆ ತರಗತಿಯಲ್ಲಿ ಕುಳಿತು ಕಣ್ಣಿನ ರೋಗಗಳ ಚಿಕಿತ್ಸೆಯ ವಿಷಯದಲ್ಲಿ ಬೇರೆಯಾಗಿ ಪರೀಕ್ಷೆ ಕೊಡಬೇಕಾಯಿತು. ಯಾವ ಮದ್ದು ಬರೆಯಬಹುದೆಂಬುದು ಇಂದಿಗೂ ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಬ್ರಿಟನ್ನಿನಲ್ಲಿ ೨೦೦೮ರಲ್ಲಿ ಸ್ವತಂತ್ರವಾಗಿ ಮದ್ದು ಬರೆಯುವ ದಾರಿ ತೆರೆಯಿತು. ಅಲ್ಲಿಯೂ ಪದವಿಯೊಂದೇ ಸಾಲದು. ಪ್ರತ್ಯೇಕ ಶಿಕ್ಷಣ, ಅನುಭವಿಗಳ ಕಣ್ಣೆದುರಿನಲ್ಲಿ ಸುಮಾರು ೯೦ ಗಂಟೆಗಳ ಅಭ್ಯಾಸ, ಅರ್ಹತೆಯ ಪರೀಕ್ಷೆ, ಆಮೇಲೆ ರಿಜಿಸ್ಟರಿನಲ್ಲಿ ಹೆಸರಿನ ಎದುರಿಗೆ ಆ ವಿಶೇಷ ಅರ್ಹತೆಯ ನಮೂದು. ಇಷ್ಟಾದರೂ ಸೂಜಿಮದ್ದನ್ನು ಅವರು ಬರೆಯಕೂಡದು. ಕಣ್ಣು ಮತ್ತು ಅದರ ಸುತ್ತಿನ ಭಾಗಗಳ ಬೇನೆಗೆ ಮಾತ್ರ ಅವರ ಅಧಿಕಾರ. ಯಾರು ಬೇಕಾದರೂ ರಿಜಿಸ್ಟರನ್ನು ನೋಡಿ ತಿಳಿದುಕೊಳ್ಳಬಹುದು.

ಇದನ್ನು ಕೇಳಿ, “ನಮ್ಮಲ್ಲಿ ಡಾಕ್ಟರರ ಹೊರತು ಬೇರೆ ಯಾರೂ ಮದ್ದನ್ನು ಮುಟ್ಟಲೇ ಬಾರದು” ಎಂದು ಹೇಳಿಬಿಡುವುದೂ ನ್ಯಾಯವಲ್ಲ. ದೂರವೂ ಕಣ್ಣನ್ನು ಕೆಡಿಸುವುದು. ನಮ್ಮ ಜಿಲ್ಲೆಯ ಕೆಲಸಗಳನ್ನೇ ನೋಡಿರಿ. ರಾಗಿ ತೂರುವಾಗ, ಜೋಳ ಬಿಡಿಸುವಾಗ ಹೊಟ್ಟು ಕಣ್ಣಿಗೆ ಹಾರುವುದು. ಹಿಪ್ಪುನೇರಳೆಯ ಕಡ್ಡಿ ತಿವಿಯುವುದು. ಟೊಮ್ಯಾಟೊ ತೋಟದಲ್ಲಿ ಔಷಧಿ ಹೊಡೆಯುವಾಗ ತುಂತುರು ಬೀಳುವುದು. ಶಿಡ್ಲಘಟ್ಟದ ಕಡೆ ಹುಳುಮನೆಯನ್ನು ಶುದ್ಧಿಮಾಡುವಾಗ ಸುಣ್ಣವೋ ಬ್ಲೀಚಿಂಗ್ ಪುಡಿಯೋ ಸಿಡಿಯುವುದು. ಕರಿಯಾಲಿಯ ಮೇಲೆ ಒಂದು ಸಣ್ಣ ಗೀರು ಬಿದ್ದರೆ ಸೋಂಕಿಗೆ ಬಾಗಿಲು ತೆರೆದಂತೆ. ಆ ಬಾಗಿಲನ್ನು ಅಂದೇ ಮುಚ್ಚಬೇಕು.

ಈ ವಿಷಯದಲ್ಲಿ ನೇಪಾಳದ ಭಕ್ತಪುರದಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದ ಪರಿಶೀಲನೆ ಮನಸ್ಸಿನಲ್ಲಿಡತಕ್ಕದ್ದು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಒಂದೇ ಒಂದು ಕೆಲಸವನ್ನು ಕಲಿಸಿದರು: ಕಣ್ಣಿನ ಗೀರನ್ನು ಗುರುತಿಸಿ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚುವುದು. ಗೀರು ಬಿದ್ದ ೪೪೨ ಮಂದಿಯಲ್ಲಿ ೪೨೪ ಮಂದಿಗೆ ಸೋಂಕಿಲ್ಲದೆ ವಾಸಿಯಾಯಿತು. ೧೮ ಗಂಟೆಗಳೊಳಗೆ ಬಂದ ೨೮೪ ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ; ಒಂದು ದಿನ ಕಳೆದ ಮೇಲೆ ಬಂದ ೪೯ ಮಂದಿಯಲ್ಲಿ ೧೪ ಮಂದಿಗೆ ಹುಣ್ಣಾಯಿತು. ಮುಂದೆ ನೇಪಾಳದಲ್ಲಿಯೇ ನಡೆದು ೨೦೨೨ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ, ಇಂಥ ಕಾರ್ಯಕರ್ತರಿದ್ದ ಊರುಗಳಲ್ಲಿ ಹುಣ್ಣುಗಳು ಒಟ್ಟಿನಲ್ಲಿ ಕಡಮೆಯಾದುದು ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಊರಿಗೊಬ್ಬ ಕಾರ್ಯಕರ್ತನನ್ನು ಇಟ್ಟ ಮಾತ್ರಕ್ಕೆ ಊರಿನ ಕಣ್ಣು ಉಳಿಯದು. ಆದರೂ ಗೀರು ಬಿದ್ದವನ ಪಾಲಿಗೆ ಗಂಟೆಗಳ ಬೆಲೆ ಎಷ್ಟೆಂಬುದು ಮೊದಲಿನ ಲೆಕ್ಕದಿಂದ ಸ್ಪಷ್ಟವಾಗುವುದು. ಅಲ್ಲಿ ಕೊಟ್ಟ ಅಧಿಕಾರವೂ ಎಷ್ಟು ಕಿರಿದು ನೋಡಿರಿ: ಒಂದು ರೋಗಲಕ್ಷಣ, ಒಂದು ಮುಲಾಮು, ಮೂರು ದಿನ. ಸ್ಟಿರಾಯ್ಡನ್ನು ಅವರ ಕೈಗೆ ಕೊಡಲಿಲ್ಲ.

ಈ ಎರಡು ಕಡೆಗಳನ್ನೂ ತೂಗಿನೋಡಿದರೆ ನಮ್ಮ ಅಭಿಪ್ರಾಯವಿಷ್ಟು. ದಿವಂಗತ ಡಾಕ್ಟರ್ ಎಂ. ಸಿ. ಮೋದಿಯವರಂಥವರು ಶಸ್ತ್ರಚಿಕಿತ್ಸೆಯನ್ನೇ ಹಳ್ಳಿಯ ಬಾಗಿಲಿಗೆ ಒಯ್ದು ನಾಡಿಗೆ ಮಹೋಪಕಾರ ಮಾಡಿದರು. ಆದರೆ ಶಿಬಿರವೆದ್ದು ಹೋದ ಮೇಲೆ ಊರಿನ ಹತ್ತಿರ ಉಳಿಯುವವರು ದೃಷ್ಟಿಪರೀಕ್ಷಕರೂ ನೇತ್ರ ಸಹಾಯಕರೂ. ಅವರನ್ನು ಕೇವಲ ಗಾಜಿನ ನಂಬರು ಹೇಳುವವರಾಗಿ ಇಟ್ಟುಕೊಳ್ಳುವುದು ನಷ್ಟ. ಶಿಕ್ಷಣವಿಲ್ಲದೆ ಎಲ್ಲ ಮದ್ದನ್ನೂ ಅವರ ಲೇಖನಿಗೆ ಒಪ್ಪಿಸುವುದು ಅನಾಹುತ. ಅಧಿಕಾರ ಕೊಡುವ ಕಾಲ ಬಂದಲ್ಲಿ, ಮದ್ದುಗಳ ಪಟ್ಟಿ ಚಿಕ್ಕದಾಗಿರಲಿ. ಆಸ್ಪತ್ರೆಯಲ್ಲಿ ನೇತ್ರವೈದ್ಯರ ಕೈಕೆಳಗೆ ಅಭ್ಯಾಸವಾಗಲಿ. ಬೇರೆಯಾಗಿ ಪರೀಕ್ಷೆ ನಡೆಯಲಿ. ಸರ್ಟಿಫಿಕೇಟಿಗೆ ಅವಧಿಯಿದ್ದು ಮತ್ತೆ ಮತ್ತೆ ಓದಿ ನವೀಕರಿಸುವಂತಾಗಲಿ. ಹೆಸರು ಸಾರ್ವಜನಿಕರು ನೋಡಬಹುದಾದ ರಿಜಿಸ್ಟರಿನಲ್ಲಿರಲಿ. ಮದ್ದು ಬರೆಯುವವರಿಗೆ ಆ ಮದ್ದಿನ ಮಾರಾಟದಿಂದ ಲಾಭ ಬಾರದಂತೆಯೂ ನೋಡಿಕೊಳ್ಳಬೇಕು. ಇವು ಇಲ್ಲದ ಅಧಿಕಾರ ರೋಗಿಗೂ ಬೇಡ, ಆ ವೃತ್ತಿಯ ಗೌರವವನ್ನು ಬಯಸುವವರಿಗೂ ಬೇಡ.

ಕಾಯಿದೆಗಳು ಅವುಗಳ ಕಾಲಕ್ಕೆ ಬರಲಿ. ಗೃಹಸ್ಥರು ಇಂದೇ ಮಾಡಬಹುದಾದುದೂ ಉಂಟು.

ಸುಣ್ಣವೋ ಔಷಧಿಯೋ ಕಣ್ಣಿಗೆ ಬಿದ್ದರೆ ಯಾರ ಚೀಟಿಗೂ ಕಾಯದೆ, ಆ ಕ್ಷಣವೇ ಶುದ್ಧವಾದ ನೀರನ್ನು ಧಾರಾಳವಾಗಿ ಹರಿಸಿ ಅರ್ಧ ಗಂಟೆಯಾದರೂ ತೊಳೆಯಬೇಕು. ಆಮೇಲೆ ಆಸ್ಪತ್ರೆಗೆ ಓಡಬೇಕು. ಹೊಟ್ಟೋ ಕಡ್ಡಿಯೋ ತಾಕಿ ನೋವಾದರೆ ಅದೇ ದಿನ ತೋರಿಸಬೇಕು. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಇವುಗಳನ್ನು ಗಾಯಗೊಂಡ ಕಣ್ಣಿಗೆ ಹಾಕಕೂಡದು; ಅವುಗಳ ಜೊತೆಗೆ ರೋಗಾಣುಗಳೂ ಒಳಹೋಗಬಹುದು. ತೀವ್ರವಾದ ನೋವು, ಬೆಳಕು ನೋಡಲಾರದಿರುವುದು, ದೃಷ್ಟಿ ಮಂಜಾಗುವುದು, ಕರಿಯಾಲಿಯ ಮೇಲೆ ಬಿಳಿಯ ಚುಕ್ಕೆ ಇವುಗಳಲ್ಲಿ ಒಂದು ಕಂಡರೂ ಅಂಗಡಿಯ ಮದ್ದಿನ ಮಾತನ್ನೇ ಬಿಡಬೇಕು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಹೇಳಿದರೆ ೧೮೯೬ರಿಂದ ಕಣ್ಣಿನ ಸೇವೆಯಲ್ಲಿರುವ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋಗಬೇಕು.

ಮದ್ದು ಬರೆದುಕೊಟ್ಟವರು ಯಾರೇ ಇರಲಿ, ವಿನಯದಿಂದ ಮೂರು ಮಾತು ಕೇಳಬಹುದು: “ಸ್ವಾಮಿ, ತಮ್ಮ ಅರ್ಹತೆ ಏನು? ಇದರಲ್ಲಿ ಸ್ಟಿರಾಯ್ಡ್ ಇದೆಯೆ? ಎಷ್ಟು ದಿನ ಹಾಕಬೇಕು, ಮತ್ತೆ ಯಾವಾಗ ತೋರಿಸಬೇಕು?” ಯೋಗ್ಯರಾದವರು ಈ ಪ್ರಶ್ನೆಗಳಿಂದ ಕೋಪಗೊಳ್ಳರು. ಹನಿಸೀಸೆಯನ್ನು ಬಿಚ್ಚಿದ ದಿನವನ್ನು ಅದರ ಮೇಲೆಯೇ ಬರೆದಿಟ್ಟು ಒಂದು ತಿಂಗಳಾದ ಮೇಲೆ ಚೆಲ್ಲಬೇಕು. ಒಬ್ಬರ ಸೀಸೆಯನ್ನು ಇನ್ನೊಬ್ಬರು ಬಳಸಬಾರದು. ಹಳೆಯ ಚೀಟಿಯಿಂದ ಹೊಸ ಮದ್ದನ್ನು ತರಬಾರದು.

ಈ ಪುಟವನ್ನು ಓದಿ ಮುಗಿಸಿದ ಗೃಹಿಣಿಯರು ಮನೆಯ ಗೂಡಿನಲ್ಲಿಯೋ ಕನ್ನಡಿಯ ಹಿಂದೆಯೋ ಇರುವ ಕಣ್ಣಿನ ಸೀಸೆಗಳನ್ನು ಇಂದೇ ತೆಗೆದು ನೋಡಬೇಕೆಂದು ನಮ್ಮ ಪ್ರಾರ್ಥನೆ. ಯಾರು ಬರೆದುಕೊಟ್ಟರು, ಯಾವಾಗ ಬಿಚ್ಚಿದ್ದು ಎಂಬುದು ತಿಳಿಯದ ಸೀಸೆಯೊಂದು ಸಿಕ್ಕಿದರೆ ಅದನ್ನು ಚೆಲ್ಲಿಬಿಡಲಿ. ಹೋಗುವುದು ಕೆಲವು ರೂಪಾಯಿ, ಉಳಿಯುವುದು ಕಣ್ಣು.