ಅರ್ಜಿ ನಮೂನೆಯಲ್ಲಿ ಕ್ರೀಡಾ ವಿಜ್ಞಾನಕ್ಕೊಂದು ಕಾಲಂ

ಡಿಸೆಂಬರ್ ಬಂತೆಂದರೆ ನವಿಮುಂಬಯಿಯ ತುಳು-ಕನ್ನಡಿಗರಿಗೆ ಕ್ರೀಡಾಕೂಟಗಳ ಕಾಲ. ಥಾಣೆ, ಡೊಂಬಿವಲಿ, ಕಲ್ಯಾಣ್‌ನಿಂದ ಹಿಡಿದು ಪನ್ವೇಲ್, ಕಳಂಬೋಲಿಯ ತನಕ ಪ್ರತಿ ರವಿವಾರ ಯಾವುದಾದರೊಂದು ಮೈದಾನದಲ್ಲಿ ಒಂದಲ್ಲ ಒಂದು ಸಂಘದ ಬ್ಯಾನರ್ ಕಟ್ಟಿರುತ್ತದೆ. ದೀಪ ಬೆಳಗಿಸಿ, ಅತಿಥಿಗಳಿಗೆ ಶಾಲು ಹೊದಿಸಿ, ಭಾಷಣಗಳೆಲ್ಲ ಮುಗಿದು ಬಿಸಿಲೇರುವ ಹೊತ್ತಿಗೆ ಹಗ್ಗಜಗ್ಗಾಟ ಶುರುವಾಗುತ್ತದೆ. ವರ್ಷವಿಡೀ ಗಲ್ಲಾ ಬಿಟ್ಟು ಏಳದ, ಐವತ್ತು ದಾಟಿದ ಹೋಟೆಲ್ ಉದ್ಯಮಿಗಳೂ ಅಂದು ಪ್ಯಾಂಟ್ ಮಡಚಿ ಹಗ್ಗ ಹಿಡಿಯುತ್ತಾರೆ.

ಕಳಂಬೋಲಿಯಲ್ಲಿ ಇಂಥದೊಂದು ಕೂಟದಲ್ಲಿ ನಮ್ಮ ಕಣ್ಣೆದುರೇ ಹಿರಿಯರೊಬ್ಬರು ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದರು. ಸುತ್ತ ನೆರೆದವರಲ್ಲಿ ಒಬ್ಬರು ಬಿಸಿ ಎಣ್ಣೆ ತಿಕ್ಕಿ ಎಂದರು, ಇನ್ನೊಬ್ಬರು ಕಾಲು ಎಳೆಯಿರಿ ಎಂದರು, ಮತ್ತೊಬ್ಬರು ಆಗಲೇ ಎಳೆಯತೊಡಗಿದ್ದರು. ಅಷ್ಟರಲ್ಲಿ ಗುಂಪು ಸರಿಸಿ ಬಂದ ಹುಡುಗಿಯೊಬ್ಬಳು, "ಮಾಮ, ತಿಕ್ಕಬೇಡಿ, ಎಳೆಯಲೂಬೇಡಿ" ಎಂದು ಗದರಿಸಿದಂತೆ ಹೇಳಿ, ಶರಬತ್ತಿನ ಡ್ರಮ್ಮಿನಿಂದ ಮಂಜುಗಡ್ಡೆ ತೆಗೆದು ಬಟ್ಟೆಯಲ್ಲಿ ಸುತ್ತಿ ಇಟ್ಟು, ಪಟ್ಟಿ ಕಟ್ಟಿ, ಕಾಲನ್ನು ಕುರ್ಚಿಯ ಮೇಲಿರಿಸಿದಳು. ಹರಿದ ಸ್ನಾಯುವಿನ ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ, ಬಿಸಿ ಕೊಟ್ಟರೆ ಊತ ಹೆಚ್ಚುತ್ತದೆ ಎಂಬುದು ಅಲ್ಲಿದ್ದ ದೊಡ್ಡವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ಆಗ ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದವಳು, ಓಟಗಾರ್ತಿ. ತಂದೆ ಇಲ್ಲಿಯ ಸ್ಟೀಲ್ ಮಾರ್ಕೆಟಿನ ಹೋಟೆಲೊಂದರಲ್ಲಿ ನೌಕರಿಯಲ್ಲಿರುವವರು.

ಇದನ್ನು ಇಲ್ಲಿ ಬರೆಯಲು ಕಾರಣ ಆ ಹುಡುಗಿಯ ಅರ್ಜಿ. ಆಕೆಗೆ ಊರಿನ ಕಡೆ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಪದವಿ ಓದಬೇಕೆಂಬ ಆಸೆ. ತಂದೆ ಸಂಘವೊಂದರ ವಿದ್ಯಾರ್ಥಿ ವೇತನದ ನಮೂನೆ ತುಂಬಿಸಿ ಕೊಟ್ಟರು. ನಮೂನೆಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಸಿ.ಎ., ಎಂ.ಬಿ.ಎ. ಎಂಬ ಕಾಲಂಗಳಿದ್ದವು, ಕೊನೆಯಲ್ಲಿ 'ಇತರ' ಎಂದಿತ್ತು. 'ಇತರ'ಕ್ಕೆ ಸಿಗುವ ಮೊತ್ತ ಎಲ್ಲಕ್ಕಿಂತ ಕಡಿಮೆ. ಪದಾಧಿಕಾರಿಯೊಬ್ಬರು ಅರ್ಜಿ ನೋಡಿ ಕೇಳಿದ್ದಿಷ್ಟೆ: "ಇದು ಡ್ರಿಲ್ ಮಾಸ್ಟ್ರ ಕೋರ್ಸಾ ಮಾರಾಯ್ರೆ? ಹೆಣ್ಣು ಮಗುವಿಗೆ ಯಾಕೆ?"

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ತಿಳಿಯದೆ ಕೇಳಿದ್ದು. ಆದುದರಿಂದ ತಿಳಿಸುವುದು ನಮ್ಮ ಕೆಲಸವೆಂದುಕೊಂಡಿದ್ದೇವೆ.

ಡ್ರಿಲ್ ಮಾಸ್ಟ್ರ ಕೋರ್ಸ್ ಬೇರೆ. ಪದವಿಯ ಬಳಿಕ ಎರಡು ವರ್ಷ ಓದುವ ಬಿ.ಪಿ.ಎಡ್. ಅದು, ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಲು ಬೇಕಾದ ಅರ್ಹತೆ. ಅದೂ ಗೌರವದ ಓದೇ, ನಮ್ಮ ವಡಾಲದಲ್ಲೇ ಅದಕ್ಕೊಂದು ಹಳೆಯ ಕಾಲೇಜಿದೆ. ಫಿಸಿಯೋಥೆರಪಿ ಇನ್ನೊಂದು: ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ಗಾಯವಾದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ಚಿಕಿತ್ಸೆ ನೀಡುವ ಅಧಿಕಾರ ಅವರದು. ಪಕ್ಕದ ಕಾಮೋಠೆಯ ಎಂ.ಜಿ.ಎಂ.ನಲ್ಲೇ ಅದನ್ನು ಕಲಿಯಬಹುದು. ಕ್ರೀಡಾ ವಿಜ್ಞಾನ ಇವೆರಡರ ನಡುವಿನ ಜಾಗದಲ್ಲಿ ನಿಲ್ಲುತ್ತದೆ. ದೇಹ ದುಡಿಯುವಾಗ ಒಳಗೆ ಏನಾಗುತ್ತದೆ, ಅದನ್ನು ಅಳೆಯುವುದು ಹೇಗೆ, ಅಳೆದದ್ದನ್ನು ನೋಡಿ ತರಬೇತಿಯನ್ನು ತಿದ್ದುವುದು ಹೇಗೆ ಎಂಬುದು ಅದರ ವಿಷಯ. ಮೂಳೆ-ಸ್ನಾಯುಗಳ ರಚನೆ, ಉಸಿರು-ಹೃದಯಗಳ ಕ್ರಿಯೆ, ಚಲನೆಯ ಭೌತಶಾಸ್ತ್ರ, ಆಹಾರ, ಆಟಗಾರನ ಮನಸ್ಸು, ಅಂಕಿಅಂಶ ಎಲ್ಲವೂ ಪಠ್ಯದಲ್ಲಿ ಬರುತ್ತವೆ. ಟ್ರೆಡ್‌ಮಿಲ್ ಮೇಲೆ ಓಡಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಕೆಯಾಗುತ್ತದೆಂದು ಲೆಕ್ಕ ಹಾಕುವ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದ್ದೀರಲ್ಲ, ಅದು ಈ ಶಾಸ್ತ್ರದ್ದು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1975ರಲ್ಲೇ ಕ್ರೀಡಾ ವಿಜ್ಞಾನದ ಪದವಿ ತರಗತಿ ಆರಂಭವಾಗಿತ್ತು. ನಮ್ಮಲ್ಲಿ ತಡವಾಯಿತು.

ಈ ವಿದ್ಯೆಯ ಬೆಲೆ ಅರಿಯಲು ಕಂಬಳದ ಗದ್ದೆಗೆ ಹೋದರೆ ಸಾಕು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ ಸುದ್ದಿ ದೇಶವನ್ನೇ ಕುಣಿಸಿತು. ಯಾರೋ ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ಗಿಂತ ವೇಗ ಎಂದುಬಿಟ್ಟರು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ವಾರವಿಡೀ ಅದೇ ಮಾತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಪರೀಕ್ಷೆಗಾಗಿ ಬೆಂಗಳೂರಿನ ಸಾಯ್ ಕೇಂದ್ರಕ್ಕೆ ಆಹ್ವಾನಿಸಿದರು.

ಆದರೆ ಭಾಗಾಕಾರದಿಂದ ಓಟ ತಿಳಿಯುವುದಿಲ್ಲ. ಅದೇ ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ 150 ಮೀಟರ್ ಓಡಿದಾಗ ಕೊನೆಯ ನೂರು ಮೀಟರಿಗೆ ತೆಗೆದುಕೊಂಡದ್ದು 8.70 ಸೆಕೆಂಡು! ನಿಂತಲ್ಲಿಂದ ಹೊರಡುವ ನೂರು ಮೀಟರ್ ಬೇರೆ, ವೇಗ ಪಡೆದ ಮೇಲಿನ ನೂರು ಮೀಟರ್ ಬೇರೆ. ಕಂಬಳದಲ್ಲಂತೂ ಮುಂದೆ ಎಳೆಯುವ ಎರಡು ಕೋಣಗಳಿವೆ, ಕಾಲಡಿಯಲ್ಲಿ ಕೆಸರಿದೆ. ಇದನ್ನೆಲ್ಲ ಎಲ್ಲರಿಗಿಂತ ಮೊದಲು ಸರಿಯಾಗಿ ಹೇಳಿದವರು ಸ್ವತಃ ಶ್ರೀನಿವಾಸ ಗೌಡರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡಬೇಕು. ಇಲ್ಲಿ ಕೋಣಗಳ ಪಾಲೂ ಇದೆ ಎಂದು ತಿಳಿಸಿ ಅವರು ಟ್ರ್ಯಾಕಿನ ಪರೀಕ್ಷೆಯನ್ನು ಒಲ್ಲೆ ಎಂದರು. ಕಾಲೇಜಿನ ಪ್ರಯೋಗಾಲಯದಲ್ಲಿ ಹೇಳಿಕೊಡುವ ಪಾಠವನ್ನು ಅವರು ಗದ್ದೆಯಲ್ಲಿ ಕಲಿತಿದ್ದರು. ಸಂದೇಶಗಳನ್ನು ಹಂಚುತ್ತಾ ಕುಳಿತ ನಮಗೆ ಅದು ತಿಳಿದಿರಲಿಲ್ಲ.

ಇನ್ನೊಂದು ಪ್ರಕರಣ ನೋವಿನದ್ದು. ಕುಂದಾಪುರ ತಾಲೂಕಿನ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ ತಂದಾಗ ಮುಂಬಯಿ ಕನ್ನಡಿಗರೂ ಹೆಮ್ಮೆಪಟ್ಟಿದ್ದೆವು. 2011ರಲ್ಲಿ ಅವರೂ ಸೇರಿ ಹಲವು ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶೀ ತರಬೇತುದಾರ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಪೂರಕವೇ ಇದಕ್ಕೆ ಕಾರಣ, ತಮಗೆ ಏನೂ ತಿಳಿದಿರಲಿಲ್ಲ ಎಂಬುದು ಅವರ ವಾದವಾಗಿತ್ತು. ಮೊದಲು ಒಂದು ವರ್ಷದ ನಿಷೇಧ ಬಂತು. ಮೇಲ್ಮನವಿಯ ಬಳಿಕ 2012ರಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ತಪ್ಪಿಹೋಯಿತು. ದೇಹದೊಳಗೆ ಏನು ಸಿಕ್ಕರೂ ಅದಕ್ಕೆ ಹೊಣೆ ಆಟಗಾರನೇ, ಕೊಟ್ಟವರು ಯಾರೇ ಇರಲಿ ಎಂಬುದು ಜಾಗತಿಕ ನಿಯಮ. ಡಬ್ಬಿಯ ಮೇಲಿನ ಚೀಟಿ ಓದಿ, ಇದು ಬೇಡ ಎನ್ನಬಲ್ಲ ಓದಿದ ವ್ಯಕ್ತಿಯೊಬ್ಬ ಪ್ರತಿ ತಂಡದ ಜತೆ ಇರಬೇಕಾದುದು ಇದಕ್ಕಾಗಿ. ಇಂದು ಕಳಂಬೋಲಿಯ ಜಿಮ್‌ಗಳಲ್ಲೂ ಹದಿನೆಂಟರ ಹುಡುಗರು ಕೈಯಲ್ಲಿ ಪುಡಿಯ ಡಬ್ಬಿ ಹಿಡಿದು ತಿರುಗುತ್ತಿದ್ದಾರೆ. ಅದರೊಳಗೆ ಏನಿದೆಯೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಕ್ರೀಡಾಪಟುಗಳಿಗೆ ಮಾತ್ರ ಈ ಶಾಸ್ತ್ರ ಎಂದುಕೊಳ್ಳುವುದೂ ತಪ್ಪು. ನಮ್ಮ ಹೋಟೆಲ್ ಬಂಧುಗಳಿಗೆ ಒಂದು ಹಳೆಯ ಅಧ್ಯಯನವನ್ನು ನೆನಪಿಸಬೇಕು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಡ್ರೈವರುಗಳನ್ನೂ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳನ್ನೂ ಹೋಲಿಸಿ, ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ, ಬಂದರೂ ಅದರ ತೀವ್ರತೆ ಕಡಿಮೆ. ದೇಹಶ್ರಮಕ್ಕೂ ಹೃದಯಕ್ಕೂ ಇರುವ ನಂಟನ್ನು ಅಂಕಿಗಳಲ್ಲಿ ತೋರಿಸಿದ ಮೊದಲ ದೊಡ್ಡ ಕೆಲಸಗಳಲ್ಲಿ ಅದೊಂದು. ನಮ್ಮಲ್ಲಿ ಇದನ್ನು ಗಲ್ಲಾದ ಮೇಲೆ ಕೂತ ಧಣಿ ಮತ್ತು ಮೇಜಿನಿಂದ ಮೇಜಿಗೆ ಓಡುವ ಮಾಣಿ ಎಂದು ಓದಿಕೊಳ್ಳಬಹುದು. (ಮಾಣಿಯ ಕಾಲಿನ ನರ ಉಬ್ಬುವ ಕಷ್ಟ ಬೇರೆ, ಅದನ್ನು ಮರೆಯಬಾರದು.) ಸ್ಟೀಲ್ ಮಾರ್ಕೆಟಿಗೆ ಬರುವ ಟ್ರಕ್ ಚಾಲಕರ ಪಾಡೂ ಲಂಡನ್ ಡ್ರೈವರುಗಳದ್ದೇ. ಸಕ್ಕರೆ ಕಾಯಿಲೆಯವರು ಎಷ್ಟು ನಡೆಯಬೇಕು, ಆಂಜಿಯೋಪ್ಲಾಸ್ಟಿ ಆದವರು ಯಾವಾಗ ಎಷ್ಟು ಶ್ರಮ ಪಡಬಹುದು ಎಂಬುದನ್ನು ವೈದ್ಯರ ಜತೆ ನಿಂತು ಲೆಕ್ಕ ಹಾಕಿ ಹೇಳುವವರು ವ್ಯಾಯಾಮ ವಿಜ್ಞಾನ ಓದಿದವರು.

ಇನ್ನು ಓದುವುದೆಲ್ಲಿ? ಸಂತೋಷದ ಸಂಗತಿಯೆಂದರೆ ನಮ್ಮ ಊರಲ್ಲೇ ಇದೆ. ಮಣಿಪಾಲದ ಮಾಹೆ ವಿಶ್ವವಿದ್ಯಾನಿಲಯದ ಆರೋಗ್ಯ ವೃತ್ತಿಗಳ ಕಾಲೇಜಿನಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನಗಳ ಪ್ರತ್ಯೇಕ ವಿಭಾಗವಿದೆ. ಪದವಿ, ಸ್ನಾತಕೋತ್ತರ ಎರಡೂ ಉಂಟು. ಪನ್ವೇಲ್‌ನಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಉಡುಪಿ. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯಲ್ಲೂ ಇಂಥ ವಿಭಾಗವಿದೆ. ಸರಕಾರಿ ವ್ಯವಸ್ಥೆಯಲ್ಲಿ 1957ರಲ್ಲಿ ಆರಂಭವಾದ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆ, ತರಬೇತುದಾರರನ್ನು ತಯಾರಿಸುವ ಪಟಿಯಾಲದ ಎನ್.ಐ.ಎಸ್. (1961), ಇಂಫಾಲದಲ್ಲಿ 2018ರ ಕಾಯ್ದೆಯಂತೆ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾನಿಲಯ ಇವೆ. ಸಾಮಾನ್ಯವಾಗಿ ಹನ್ನೆರಡನೆಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿದವರಿಗೆ ದಾರಿ ಸುಲಭ. ಆರ್ಟ್ಸ್, ಕಾಮರ್ಸ್ ತೆಗೆದುಕೊಂಡ ಬಳಿಕ ನೆನಪಾದರೆ ಕಷ್ಟ, ಆದುದರಿಂದ ಹತ್ತನೆಯ ಫಲಿತಾಂಶ ಬಂದಾಗಲೇ ಮಕ್ಕಳೊಡನೆ ಮಾತಾಡಬೇಕು.

ಹೆತ್ತವರಿಗೆ ಮುಚ್ಚಿಡಬಾರದ ಮಾತೂ ಇದೆ. ಖಾಸಗಿ ಸಂಸ್ಥೆಗಳ ಶುಲ್ಕ ಹೋಟೆಲ್ ನೌಕರನ ಸಂಬಳಕ್ಕೆ ನಿಲುಕುವಂಥದ್ದಲ್ಲ. ಕ್ರೀಡಾ ಪ್ರಾಧಿಕಾರ ವಿಜ್ಞಾನ ಸಿಬ್ಬಂದಿಯನ್ನು ತೆಗೆದುಕೊಳ್ಳುತ್ತದಾದರೂ ಬಹಳಷ್ಟು ಹುದ್ದೆಗಳು ಗುತ್ತಿಗೆಯವು. ಬರೀ ಪದವಿಗೆ ಒಳ್ಳೆಯ ಕೆಲಸ ಸಿಗುವುದು ಕಷ್ಟ, ಸ್ನಾತಕೋತ್ತರ ಬೇಕಾಗುತ್ತದೆ. ಈ ಪದವಿ ಪಡೆದವರು ಫಿಸಿಯೋಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಳ್ಳುವಂತೆಯೂ ಇಲ್ಲ. ಆದರೆ ಹತ್ತು ಹದಿನೈದು ವರ್ಷದ ಹಿಂದೆ ಇಲ್ಲದ ಬಾಗಿಲುಗಳು ಈಗ ತೆರೆದಿವೆ. 2014ರಲ್ಲಿ ಪ್ರೊ ಕಬಡ್ಡಿ ಬಂದ ಬಳಿಕ ನಮ್ಮ ಮುಂಬಯಿಯ ರಿಶಾಂಕ್ ದೇವಾಡಿಗರಂಥ ಆಟಗಾರರು ಮನೆಮಾತಾದರು; ಅವರನ್ನು ಆಡುವ ಸ್ಥಿತಿಯಲ್ಲಿಡುವವರ ಕೆಲಸವೂ ಒಂದು ವೃತ್ತಿಯಾಗಿ ಬೆಳೆಯಿತು. ಬಳ್ಳಾರಿ ಕಡೆಯ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಸಂಸ್ಥೆಯಂಥ ತರಬೇತಿ ಕೇಂದ್ರಗಳಿವೆ, ಆಸ್ಪತ್ರೆಗಳಿವೆ. ನಮ್ಮಿಂದ ಅರ್ಧ ಗಂಟೆ ದೂರದ ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ನವೆಂಬರ್ 2ರ ರಾತ್ರಿ ಭಾರತದ ಮಹಿಳೆಯರು ವಿಶ್ವಕಪ್ ಎತ್ತಿದ್ದನ್ನು ಹಲವು ಸದಸ್ಯರು ಕುಟುಂಬ ಸಮೇತ ನೋಡಿದ್ದೀರಿ. ಅದೇ ಮೈದಾನದಲ್ಲಿ ಕಾಲು ಗಾಯ ಮಾಡಿಕೊಂಡ ಪ್ರತೀಕಾ ರಾವಲ್ ಗಾಲಿಕುರ್ಚಿಯಲ್ಲಿ ಕುಳಿತು ಸಂಭ್ರಮಕ್ಕೆ ಬಂದದ್ದನ್ನೂ ನೋಡಿದ್ದೀರಿ. ಅಂಥ ಆಟಗಾರ್ತಿ ಮತ್ತೆ ಕ್ರೀಸಿಗೆ ಬರುವ ತನಕ ಹಿಂದೆ ಎಷ್ಟು ಜನ ದುಡಿಯುತ್ತಾರೆ ಎಂಬುದು ಟಿ.ವಿ.ಯಲ್ಲಿ ಕಾಣುವುದಿಲ್ಲ.

ನಮ್ಮ ಸಂಘಗಳು ಬಹಳ ದೊಡ್ಡ ಕೆಲಸ ಮಾಡಿವೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರನ್ನು ರಾತ್ರಿ ಶಾಲೆಗೆ ಕಳುಹಿಸಿ ವಕೀಲರನ್ನಾಗಿ, ಬ್ಯಾಂಕ್ ಅಧಿಕಾರಿಗಳನ್ನಾಗಿ ಮಾಡಿದ ಪರಂಪರೆ ಮುಂಬಯಿ ಕನ್ನಡಿಗರದ್ದು. ಆ ಕಾಲಕ್ಕೆ ಕಾಣದಿದ್ದ ವಿದ್ಯೆಗಳು ಈಗ ಬಂದಿರುವಾಗ ನಮೂನೆ ಮಾತ್ರ ಹಳೆಯದೇ ಉಳಿಯುವುದು ಸರಿಯಲ್ಲ. ಕ್ರೀಡಾಕೂಟದ ಟ್ರೋಫಿ, ಪೆಂಡಾಲು, ಸನ್ಮಾನಗಳಿಗೆ ಖರ್ಚು ಮಾಡುವ ಹಣದ ಒಂದು ಪಾಲು ಕ್ರೀಡೆಯನ್ನೇ ಓದುವ ಮಗುವಿಗೆ ಹೋದರೆ ಯಾವ ದಾನಿಯೂ ಬೇಡ ಎನ್ನಲಾರರು. ಒಂದು ಶರತ್ತನ್ನೂ ಹಾಕಬಹುದು: ವೇತನ ಪಡೆದವರು ವರ್ಷಕ್ಕೊಂದು ರವಿವಾರ ಸಂಘದ ಕೂಟಕ್ಕೆ ಬಂದು, ಹಗ್ಗ ಹಿಡಿಯುವ ಮೊದಲು ಎಲ್ಲರಿಗೂ ಕಾಲು ಗಂಟೆ ಮೈ ಬಿಸಿ ಮಾಡುವ ವ್ಯಾಯಾಮ ಮಾಡಿಸಬೇಕು, ನಲವತ್ತು ದಾಟಿದವರ ರಕ್ತದೊತ್ತಡ ನೋಡಬೇಕು.

ಕುಸಿದು ಬಿದ್ದ ಹಿರಿಯರು ಈಗ ಗುಣಮುಖರಾಗಿದ್ದಾರೆ. ಅವರು ವಿದ್ಯಾರ್ಥಿ ವೇತನ ಸಮಿತಿಯ ಸದಸ್ಯರೂ ಹೌದು. ಹುಡುಗಿಯ ಅರ್ಜಿ 'ಇತರ' ಕಡತದಲ್ಲಿದೆ. ಸಮಿತಿಯ ಸಭೆ ಬರುವ ತಿಂಗಳ ಎರಡನೇ ರವಿವಾರ, ಸಂಜೆ ಐದಕ್ಕೆ.