ಅಡಿಕೆಯ ಮಾಡಿಗೆ ಸಲ್ಲುವುದು ಕುಡಿಯುವ ನೀರಿಗೆ ಸಲ್ಲದು

ಮಳೆ ಬಿಡುವ ಮೊದಲೇ ಕೊಯ್ಲಿಗೆ ಬರುವ ಅಡಿಕೆಯನ್ನು ಒಣಗಿಸಲು ಮಲೆನಾಡಿನ ಹಲವು ಅಂಗಳಗಳಲ್ಲಿ ಇಂದು ಪಾರದರ್ಶಕ ಹಾಳೆಯ ಮಾಡು ಎದ್ದಿದೆ. ಅದೇ ಮನೆಯ ಮದುವೆಯಲ್ಲಿ, ತುಂಬಿದ ಬಾವಿಯನ್ನು ಬದಿಗಿರಿಸಿ, ಪೇಟೆಯಿಂದ ತರಿಸಿದ ಇಪ್ಪತ್ತು ಲೀಟರಿನ ನೀಲಿ ಕ್ಯಾನುಗಳನ್ನು ಸಾಲಾಗಿ ನಿಲ್ಲಿಸಲಾಗುತ್ತದೆ. ಗಟ್ಟಿ ಹಾಳೆಗಳಲ್ಲಿ ಹಲವು, ಕ್ಯಾನುಗಳಲ್ಲಿ ಬಹಳಷ್ಟು, ಒಂದೇ ವಸ್ತುವಿನಿಂದಾದವು: ಪಾಲಿಕಾರ್ಬೊನೇಟ್. ಹಾಳೆಯನ್ನು ಒಪ್ಪಿ ಕ್ಯಾನನ್ನು ನಿರಾಕರಿಸುವುದು ಇಬ್ಬಂದಿತನವೆಂದು ಮಾರುವವರು ಮೂದಲಿಸಬಹುದು. ವಸ್ತುವಿನ ಗುಣವನ್ನು ಬಲ್ಲವರು ಹಾಗೆನ್ನಲಾರರು.

1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿಯೇ ಈ ಪ್ಲಾಸ್ಟಿಕ್ಕನ್ನು ಕಂಡುಕೊಂಡರು. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಸುತ್ತಿಗೆಯ ಪೆಟ್ಟಿಗೂ ಸುಲಭವಾಗಿ ಒಡೆಯದು. ಸುಮಾರು 147 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆತ್ತಗಾಗದು. ಹೆಲ್ಮೆಟ್ಟಿನ ಮುಖಗವಚ, ಕಾರಿನ ಮುಂದೀಪದ ಹೊದಿಕೆ, ಕನ್ನಡಕ, ಸಿ.ಡಿ., ಪೊಲೀಸರ ಗುರಾಣಿ, ಎಲ್ಲದಕ್ಕೂ ಇದು ಒದಗಿದ್ದು ಈ ಗುಣಗಳಿಂದಲೇ. ಇದನ್ನು ಹಳಿಯುವುದು ಅನ್ಯಾಯ.

ಆದರೆ ಇದು ಬೇಗ ಗೀರು ಬೀಳುವ ವಸ್ತು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಗಟ್ಟುತ್ತದೆ. ಆದ್ದರಿಂದಲೇ ಮಾಡಿನ ಹಾಳೆಯ ಒಂದು ಮುಖಕ್ಕೆ ರಕ್ಷಕ ಪದರ ಕೊಟ್ಟಿರುತ್ತಾರೆ. (ಆ ಮುಖವನ್ನು ಕೆಳಗೆ ಮಾಡಿ ಹೊದಿಸಿ, ಹಾಳೆ ಕೆಟ್ಟಿತೆಂದು ದೂರುವುದುಂಟು.) ಇನ್ನೊಂದು ದೌರ್ಬಲ್ಯ ಕಣ್ಣಿಗೆ ಕಾಣದು. ಬಿಸ್ಫಿನಾಲ್-ಎ ಎಂಬ ರಾಸಾಯನಿಕದ ಅಣುಗಳನ್ನು ಸರಪಳಿಯಾಗಿ ಹೆಣೆದು ಇದನ್ನು ತಯಾರಿಸುತ್ತಾರೆ. ಆ ಕೊಂಡಿಗಳನ್ನು ಬಿಸಿನೀರು ಮತ್ತು ಕ್ಷಾರ ಬಿಡಿಸಬಲ್ಲವು. ಬಿಡುಗಡೆಯಾದ ಬಿಸ್ಫಿನಾಲ್ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂಬುದು 1936ರಷ್ಟು ಹಿಂದೆಯೇ ತಿಳಿದಿತ್ತು.

1998ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದ ಹೆಣ್ಣಿಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ದೋಷ ಇದ್ದಕ್ಕಿದ್ದಂತೆ ಏರಿತು. ಹುಡುಕಿದಾಗ ಸಿಕ್ಕ ಕಾರಣ, ಪಾಲಿಕಾರ್ಬೊನೇಟಿನ ಪಂಜರ ಮತ್ತು ನೀರಿನ ಬಾಟಲಿಗಳನ್ನು ತಪ್ಪಿ ತೀಕ್ಷ್ಣ ಕ್ಷಾರದ ಮಾರ್ಜಕದಿಂದ ತೊಳೆದದ್ದು. ಅಲ್ಲಿ ಅದು ಆಕಸ್ಮಿಕ. ಇಲ್ಲಿ ನೀರಿನ ಕ್ಯಾನನ್ನು ಯಾವ ಪುಡಿಯಿಂದ, ಎಷ್ಟು ಬಿಸಿಯಲ್ಲಿ, ಎಷ್ಟನೆಯ ಬಾರಿ ತೊಳೆದರೆಂದು ಕುಡಿಯುವವರಿಗೆ ಹೇಳುವವರು ಯಾರು?

ಸೋರುವ ಪ್ರಮಾಣ ಅತ್ಯಲ್ಪವೆಂಬುದು ಉದ್ಯಮದ ಉತ್ತರ. ಹೊಸ ಕ್ಯಾನಿನಲ್ಲಿ ತಣ್ಣೀರು ತುಂಬಿದಾಗ ಆ ಮಾತು ನಿಜವೇ. ಆದರೆ ಘಟ್ಟವೇರುವ ಗಾಡಿಯಲ್ಲಿ ಬಿಸಿಲಿಗೆ ಕಾದು, ಉರುಳಿ, ಗೀರುಬಿದ್ದು, ಮಂಕಾದ ಕ್ಯಾನು ಹೊಸದಲ್ಲ. ಅತ್ಯಲ್ಪವೆಂಬ ಅಳತೆಯೂ ನಿಂತಲ್ಲಿ ನಿಂತಿಲ್ಲ: ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ತಾನೇ ಗೊತ್ತುಮಾಡಿದ್ದ ದಿನವಹಿ ಮಿತಿಯನ್ನು 2023ರಲ್ಲಿ ಇಪ್ಪತ್ತು ಸಾವಿರ ಪಟ್ಟು ಇಳಿಸಿತು. 2024ರ ಡಿಸೆಂಬರಿನಲ್ಲಿ ಆ ಒಕ್ಕೂಟ, ಆಹಾರ ತಾಗುವ ಸಾಮಗ್ರಿಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನೇ ಹಂತಹಂತವಾಗಿ ನಿಲ್ಲಿಸುವ ನಿಷೇಧವನ್ನು ಅಂಗೀಕರಿಸಿತು. ಭಾರತದ 2015ರ ಮಾನಕ ಹಾಲುಣಿಸುವ ಬಾಟಲಿಗೆ ಇಂಥ ಪಾಲಿಕಾರ್ಬೊನೇಟ್ ಕೂಡದೆಂದಿತು. ಬಾಟಲಿಯಲ್ಲಿ ಕೂಡದ್ದು, ಬಸುರಿ ಹೆಂಗಸು ದಿನವೂ ಕುಡಿಯುವ ನೀರಿನ ಕ್ಯಾನಿನಲ್ಲಿ ಕೂಡುವುದು ಹೇಗೆ?

ಕ್ಯಾನಿನ ತಳದ ತ್ರಿಕೋನದೊಳಗೆ 7 ಎಂದಿದ್ದರೆ ಅದರರ್ಥ ‘ಇತರೆ’ ಎಂದಷ್ಟೆ. ಪಾಲಿಕಾರ್ಬೊನೇಟೂ ಆ ಇತರೆಯಲ್ಲೊಂದು. ಹೆಸರನ್ನು ಸ್ಪಷ್ಟವಾಗಿ, ಕನ್ನಡದಲ್ಲಿ ಅಚ್ಚುಹಾಕಲು ತಯಾರಕರಿಗೆ ಏನು ಅಡ್ಡಿ? ತಯಾರಾದ ತಿಂಗಳನ್ನೂ ಅದರ ಪಕ್ಕದಲ್ಲೇ ನಮೂದಿಸಲಿ. ಗೀರುಬಿದ್ದ ಕ್ಯಾನನ್ನು ಅವರೇ ಹಿಂಪಡೆಯಲಿ. ಅದು ಬಚ್ಚಲೊಲೆಗೆ ಹೋಗಕೂಡದು. ಶಾಲೆ, ಅಂಗನವಾಡಿಗಳಿಗೆ ಕ್ಯಾನು ತರಿಸುವ ಗ್ರಾಮ ಪಂಚಾಯಿತಿಗಳು ಅದೇ ಹಣದಲ್ಲಿ ಸ್ಟೀಲಿನ ಹಂಡೆ ಕೊಂಡು, ಊರಿನ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಕಾಯಿಸಿ ಆರಿಸಿ ತುಂಬಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಖರ್ಚಿನ ಲೆಕ್ಕ ಕೇಳುವ ಹಕ್ಕು ಪ್ರತಿ ಮತದಾರನಿಗೂ ಇದೆ.